ಪಶ್ಚಿಮದ ಸೂರ್ಯೋದಯ, ತಗಡಿನ ಬೆಟ್ಟಗಳು

ನಗರ ಸಂಸ್ಕೃತಿ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ,

ಈಗ ಸಂಜೆ ಐದು ಗಂಟೆ. ಇವತ್ತು ನಮ್ಮ ತಾರಾಲಯದ ಗುಮ್ಮಟದಲ್ಲಿ ಮೂರು ಪ್ರದರ್ಶನ ನಡೆದವು. ಮೂರರಲ್ಲೂ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ. ತಾವು ಹೊಸ ಪ್ರೊಜೆಕ್ಟರುಗಳನ್ನು ಉದ್ಘಾಟಿಸಿದ ದಿನದಿಂದ, ಅಂದರೆ ಆರು ವಾರಗಳಿಂದ, ಅವನು ಅಲ್ಲೇ ಹುಟ್ಟುತ್ತಿದ್ದಾನೆ. ನಾನು ಅಲ್ಲಿ ಪ್ರೇಕ್ಷಕರ ಕೋಟು, ಟೋಪಿ ಕಾಯುವವಳು. ಖಗೋಳ ಓದಿಲ್ಲ. ಪೂರ್ವ ಯಾವ ಕಡೆ ಎಂಬುದು ಮಾತ್ರ ಗೊತ್ತು.

ಪ್ರೊಜೆಕ್ಟರ್ ನಡೆಸುವ ಮೆದೆರ್‌ನನ್ನು ಕಾರಣ ಕೇಳಿದೆ. ನಮ್ಮ ಕಿರ್ಗಿಜ್ ಗುಡಾರಗಳ ಬಾಗಿಲು ಮೂಡಣಕ್ಕಿರುತ್ತದೆ. ದೊಡ್ಡವರನ್ನು ಬಾಗಿಲಿಗೆ ಎದುರಾಗಿ ಕೂರಿಸುತ್ತೇವೆ, ಬೆಳಗು ಅವರ ಮುಖಕ್ಕೆ ಬೀಳುತ್ತದೆ. ಉದ್ಘಾಟನೆಯಂದು ತಮ್ಮನ್ನೂ ಹಾಗೇ ಕೂರಿಸಿದರು. ಆದರೆ ರಸ್ತೆ ಆ ಕಡೆ ಇರುವುದರಿಂದ ತಾರಾಲಯದ ಬಾಗಿಲು ಪಡುವಣಕ್ಕಿದೆ, ತಮ್ಮ ಮುಖವೂ ಪಡುವಣಕ್ಕಾಯಿತು.

"ನಾನೇನ್ ಮಾಡ್ಲಿ ಅಕ್ಕಾ," ಅಂದ ಮೆದೆರ್. "ಸಾಹೇಬ್ರ ಬೆನ್ನ ಹಿಂದೆ ಸೂರ್ಯನ್ನ ಹುಟ್ಟಿಸಿದ್ರೆ ನನ್ ಕೆಲ್ಸ ಹೋಗ್ತಿತ್ತು. ಇಡೀ ಆಕಾಶಾನೇ ಅರ್ಧ ಸುತ್ತು ತಿರುಗಿಸ್ಬಿಟ್ಟೆ."

ತಕರಾರಿಲ್ಲ, ಅತಿಥಿಗೆ ಮರ್ಯಾದೆ ಕೊಡಲೇಬೇಕು. ಆದರೆ ಅತಿಥಿ ಎದ್ದು ಹೋದ ಮೇಲೆ ಆಕಾಶವನ್ನು ಮೊದಲಿನಂತೆ ಮಾಡಲು ತಮ್ಮ ಅಪ್ಪಣೆ ಬೇಕಂತೆ. ಮೂರು ಅರ್ಜಿ ಹೋಗಿವೆ. ಹೋದ ವಾರ ಮೇಲಿನ ಹುಲ್ಲುಗಾವಲಿನಿಂದ ಬಂದಿದ್ದ ಮುದುಕರೊಬ್ಬರು ತಮ್ಮ ಬಿಳಿ ಟೋಪಿ ಇಸಿದುಕೊಳ್ಳುತ್ತಾ ಕೇಳಿದರು: "ಏನ್ ಮಗಳೇ, ಸೂರ್ಯ ಹಿಟ್ಟಿನ ಗಿರಣಿ ಹಿಂದಿಂದ ಬಂದ್ನಲ್ಲ, ಅವನಿಗೂ ವರ್ಗ ಆಯ್ತಾ?"

ಗುಮ್ಮಟದೊಳಗೆ ಆ ಪಡುವಣದ ಗಿರಣಿ ಎಲ್ಲಿಂದ ಬಂತೆಂದು ತಮಗೆ ಗೊತ್ತಿರಲಾರದು. ಆಕಾಶ ಶುರುವಾಗುವ ಅಂಚಿನ ಸುತ್ತ, ನಮ್ಮೂರಿನಿಂದ ಕಾಣುವ ಬೆಟ್ಟ, ಮರ, ಗಿರಣಿಯನ್ನೆಲ್ಲ ಕಪ್ಪು ತಗಡಿನಲ್ಲಿ ಕತ್ತರಿಸಿ ನಿಲ್ಲಿಸಿದವರು ನನ್ನ ಗಂಡ ತೊಲೊಮುಶ್. ಎರಡು ಚಳಿಗಾಲದ ಕೆಲಸ. ತಾರಾಲಯದ ಮಾಡು ಹತ್ತಿ, ಬೆಟ್ಟಗಳನ್ನು ಒಂದೊಂದಾಗಿ ಬರೆದುಕೊಂಡು ಇಳಿಯುತ್ತಿದ್ದರು. ಪೂರ್ವದ ತುಂಡಿನಲ್ಲಿ, ಬೆಟ್ಟದ ಬುಡಕ್ಕೆ, ನಮ್ಮ ಮನೆಯ ಹೊಗೆಗೂಡನ್ನೂ ಉಗುರಿನಷ್ಟು ಕತ್ತರಿಸಿದ್ದರು. "ನೀನು ಯಾವಾಗ್ಲೂ ಹೊರಗೇ ಕೋಟ್ ಕಾಯ್ತೀಯ," ಎಂದಿದ್ದರು, "ಒಳಗೂ ಒಂಚೂರು ಇರು." ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಆಮೇಲೆ ದಿನಾ ದೀಪ ಆರಿಸುವ ಮುಂಚೆ ಒಳಗೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ.

ಆಕಾಶಕ್ಕೂ ಬೆಟ್ಟಕ್ಕೂ ಹೊಂದುತ್ತಿಲ್ಲವೆಂಬ ದೂರು ಕೊನೆಗೂ ತಮ್ಮನ್ನು ಮುಟ್ಟಿತು. ತಾವು ತಡಮಾಡದೆ ಬೆಟ್ಟಗಳನ್ನು ಕೀಳಿಸಿದಿರಿ. ದಾರಿ ತಪ್ಪಿದ್ದು ಸೂರ್ಯ, ನೌಕರಿ ಹೋದದ್ದು ಬೆಟ್ಟಗಳದ್ದು. ಇನ್ನು ಪೂರ್ವದ ಆ ನಿಜವಾದ ಬೆಟ್ಟಗಳ ಗತಿಯೇನು? ಅವೂ ತಮ್ಮ ಕುರ್ಚಿಯ ಬೆನ್ನಿಗೇ ಇವೆಯಲ್ಲ? ಇವತ್ತು ಮಧ್ಯಾಹ್ನ ತಗಡುಗಳನ್ನೆಲ್ಲ ಗುಜರಿಗೆಂದು ಹಿತ್ತಲಲ್ಲಿ ಪೇರಿಸಿದರು.

ಆಕಾಶವನ್ನು ತಿರುಗಿಸಿ, ಬೆಟ್ಟಗಳನ್ನು ಮತ್ತೆ ನಿಲ್ಲಿಸಿ. ಮೆದೆರ್‌ನ ಒಂದು ಬೆರಳು, ತಮ್ಮ ಒಂದು ಸಹಿ ಸಾಕು. ಅಷ್ಟೂ ಕಷ್ಟವಾದರೆ ಪೂರ್ವದ ತುಂಡನ್ನಾದರೂ ನನಗೆ ಕೊಡಿಸಿ. ತಮ್ಮ ಇಲಾಖೆಗೆ ಪೂರ್ವದಿಂದ ಇನ್ನೇನೂ ಆಗಬೇಕಾದ್ದಿಲ್ಲ.

ಈ ಪತ್ರವನ್ನು ತಮ್ಮ ಕಚೇರಿಯ ಬಾಗಿಲಿಗೂ ಬಜಾರಿನ ಗೋಡೆಗೂ ಅಂಟಿಸುತ್ತಿದ್ದೇನೆ. ಗುಜರಿ ಲಾರಿ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ.

ಇಂತಿ,
ಮತ್ತೆ ಹೊರಗೇ ಉಳಿದ, ಕೋಟು ಕಾಯುವ
ಶಾಯಿರ್‌ಗುಲ್