ಏಣಿಯ ಮೇಲಿದ್ದವಳು

ಬ್ಲಫ್, ಶಿವನಸಮುದ್ರ
ಗುರುವಾರ, ೨ನೇ ಮಾರ್ಚಿ ೧೯೪೪

ಪಟ್ಟಲಮ್ಮನಿಗೆ,

ಇಲ್ಲಿಯವರೆಗೆ ನಾನು ನಿನಗೆ ಬರೆದ ಕಾಗದಗಳಲ್ಲೆಲ್ಲ ಮೇಲೆ ಆಶೀರ್ವಾದ, ಕೆಳಗೆ ಬೈಗುಳ. ಈ ಸಲ ಬೈಗುಳ ಇಲ್ಲ. ಆಶೀರ್ವಾದ ಮಾಡುವಷ್ಟು ದೊಡ್ಡವನು ನಾನಲ್ಲ ಅಂತ ನಾಲ್ಕು ದಿನದ ಹಿಂದೆ ಗೊತ್ತಾಯಿತು, ಆದ್ದರಿಂದ ಅದೂ ಇಲ್ಲ. ನಾನು ಆರೋಗ್ಯವಾಗಿದ್ದೇನೆ. ಬಸರಾಳಿನಲ್ಲಿ ಅವ್ವನೂ ಮಂಡಿನೋವು ಬಿಟ್ಟರೆ ಚೆನ್ನಾಗಿದ್ದಾಳೆ.

ನೀನು ಕೇಳಿದ್ದ ಒಪ್ಪಿಗೆ ಕಾಗದ ಇದರೊಳಗೇ ಇದೆ. ಮೊದಲು ಅದನ್ನು ಬಿಚ್ಚಿ ನೋಡು, ಸಹಿ ಹಾಕಿದ್ದೇನೆ. ನನ್ನ ಹೆಂಡತಿ ಕಲಾಶಾಲೆಯಲ್ಲೇ ಇದ್ದು ಗೋಡೆ ಚಿತ್ರದ ಉಪಾಧ್ಯಾಯಿನಿಯಾಗಿ ಕೆಲಸ ಮಾಡುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ ಅಂತ ಬರೆದಿದ್ದೇನೆ. ಮನಸ್ಸು ನಿರಾಳ ಮಾಡಿಕೊಂಡು ಆಮೇಲೆ ಇದನ್ನು ಓದು.

ನಿನ್ನ ಕಾಗದ ಬಂದದ್ದು ಸಂಕ್ರಾಂತಿ ಕಳೆದ ವಾರ. ವರ್ಷದ ಮೇಲೆ ಬಂದ ಮೊದಲ ಕಾಗದ, ಅದೂ ನಾಲ್ಕೇ ಸಾಲು. ಬರುವ ಯುಗಾದಿಯಿಂದ ನಿನ್ನನ್ನು ಉಪಾಧ್ಯಾಯಿನಿ ಮಾಡುತ್ತಾರೆ, ಗಂಡನ ಒಪ್ಪಿಗೆ ಇಲ್ಲದೆ ಆಗದು ಅಂತ ಕಮಿಟಿಯವರು ಹೇಳಿದ್ದಾರೆ, ಕೊಟ್ಟರೆ ಇಲ್ಲಿರುತ್ತೇನೆ, ಕೊಡದಿದ್ದರೆ ಶಾಲೆ ಬಿಡುತ್ತೇನೆ, ಆದರೆ ಬಸರಾಳಿಗಂತೂ ಬರುವುದಿಲ್ಲ ಅಂತ. ಓದಿ ನನಗೆ ಮೈಯೆಲ್ಲ ಉರಿಯಿತು. ಅಕ್ಷರ ದುಂಡಗಿತ್ತು. ಯಾರ ಕೈಲೋ ಬರೆಸಿದ್ದಾಳೆ, ಹೇಳಿಕೊಟ್ಟವರೂ ಅವರೇ ಇರಬೇಕು ಅಂದುಕೊಂಡೆ. ನೀನು ಮನೆಯಲ್ಲಿದ್ದಾಗ ಅಕ್ಷರ ಬರುತ್ತಿರಲಿಲ್ಲವಲ್ಲ.

ನಿಜ ಹೇಳಿಬಿಡುತ್ತೇನೆ. ಹೋದ ಭಾನುವಾರ ನಾನು ನಿಮ್ಮ ಕಲಾಶಾಲೆಗೆ ಬಂದಿದ್ದೆ. ಈವರೆಗೂ ನಿನ್ನ ಕಿವಿಗೆ ಬಿದ್ದಿಲ್ಲವಾದರೆ ಅದು ನಿಮ್ಮ ಶಾಲೆಯ ಆ ಹುಡುಗಿ ಸುರಯ್ಯಾಳ ದೊಡ್ಡತನ, ಹೇಳಬೇಡವೆಂದು ನಾನೇ ಕೇಳಿಕೊಂಡಿದ್ದೆ. ಬಂದದ್ದು ನಿನ್ನನ್ನು ಎಬ್ಬಿಸಿಕೊಂಡು ಹೋಗುವುದಕ್ಕೆ. ಕರ್ಕಂಡೇ ಬರ್ಬೇಕು ಕಣ್ಲಾ, ಇಲ್ದಿದ್ರೆ ನೀನೂ ಈ ಒಸ್ಲು ತುಳೀಬ್ಯಾಡ ಅಂತ ಅವ್ವ ಹೇಳಿ ಕಳಿಸಿದ್ದಳು. ಮಳವಳ್ಳಿಯ ದಾರಿಯಲ್ಲಿ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ದಿಣ್ಣೆ ಹತ್ತಲಾರದೆ ಎರಡು ಸಲ ನಿಂತಿತು. ನಾವೆಲ್ಲ ಇಳಿದು ತಳ್ಳಿದೆವು. ತಳ್ಳುವಾಗಲೂ ನಿನಗೆ ಏನೇನು ಅನ್ನಬೇಕು ಅಂತ ಬಾಯಿಪಾಠ ಮಾಡುತ್ತಲೇ ಇದ್ದೆ.

ಮದ್ದೂರಿನಲ್ಲಿ ಇಳಿದು ಕಲಾಶಾಲೆ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ. ಒಬ್ಬ ಮುದುಕ, ಆಲೆಮನೆ ಕಾಲೇಜಾ ಅಂತ ಕೇಳಿ ಶಿಂಷೆಯ ಕಡೆಗೆ ಕೈ ತೋರಿಸಿದ. ಗಂಡು ಎಣ್ಣು ಒಟ್ಗೆ ಮಣ್ಣು ತುಳೀತವೆ, ಓದ್ದೋರು ಅವ್ರವ್ರ ಎಂಜಲು ತಟ್ಟೆ ಅವ್ರೇ ತೊಳೀತಾರೆ, ಓಗಿ ನೋಡಿ ಅಂದ. ಅವನು ಹೊಗಳಿದನೋ ಆಡಿಕೊಂಡನೋ ಗೊತ್ತಾಗಲಿಲ್ಲ. ನಾನು ಮಾತ್ರ ಆಡಿಕೊಂಡ ಅಂತಲೇ ಇಟ್ಟುಕೊಂಡೆ, ಆವತ್ತು ನನಗೆ ಅದೇ ಬೇಕಿತ್ತು.

ಒಳಗೆ ಬಂದರೆ, ಈಗ ಶಾಲೆಯಾಗಿರುವ ಆ ಹಳೇ ಆಲೆಮನೆಯ ಪಡಸಾಲೆಯಲ್ಲಿ ಸುರಯ್ಯಾ ಒಬ್ಬಳೇ ಕೂತು ದೊಡ್ಡ ಪುಸ್ತಕಕ್ಕೆ ಫೋಟೋ ಅಂಟಿಸುತ್ತಿದ್ದಳು. ಪಟ್ಟಲಮ್ಮನನ್ನು ನೋಡಬೇಕು ಅಂದೆ. ನೀನು ಹುಡುಗರನ್ನು ಕಟ್ಟಿಕೊಂಡು ಕೆಮ್ಮಣ್ಣು ತರಲು ಹೊಳೆಯ ಮೇಲುಗಡೆಗೆ ಹೋಗಿದ್ದೀಯ, ಹೊತ್ತು ಇಳಿಯುವ ವೇಳೆಗೆ ಬರುತ್ತೀಯ ಅಂದಳು. ಯಾರು, ಯಾಕೆ ಅಂತ ಕೇಳಲಿಲ್ಲ. ಮಜ್ಜಿಗೆ ಕೊಟ್ಟು, ಹೊತ್ತು ಹೋಗಲಿ ಅಂತ ಆ ಪುಸ್ತಕವನ್ನೇ ನನ್ನ ಮುಂದೆ ಇಟ್ಟಳು.

ಆ ಪುಸ್ತಕದ ಕಥೆಯನ್ನು ಅವಳೇ ಹೇಳಿದಳು. ಅವಳ ಅಣ್ಣ ಶಫೀವುಲ್ಲಾ ಮಂಡ್ಯದಲ್ಲಿ ಸೈಕಲ್ಲು, ಗ್ರಾಮಾಫೋನು ರಿಪೇರಿ ಮಾಡುತ್ತಾನಂತೆ, ಭಾನುವಾರಕ್ಕೊಮ್ಮೆ ಕ್ಯಾಮೆರಾ ಹೊತ್ತುಕೊಂಡು ಬರುತ್ತಾನಂತೆ. ಯುದ್ಧ ಶುರುವಾದ ಮೇಲೆ ಫೋಟೋ ತೆಗೆಯುವ ಪ್ಲೇಟು ಸಿಗದು, ಅದಕ್ಕೆ ವಾರಕ್ಕೆ ಒಂದೇ ಫೋಟೋ. ಐವತ್ತು ವರ್ಷ ಬಿಟ್ಟು ಬರುವವರಿಗೆ ಇಲ್ಲಿ ಹೇಗೆ ಬದುಕಿದೆವು ಅಂತ ತಿಳಿಯಬೇಕು ಅನ್ನುವುದು ನಿಮ್ಮ ದೊಡ್ಡ ಮೇಷ್ಟರ ಅಪ್ಪಣೆ. ಫೋಟೋದ ಕೆಳಗೆ ಕೆಲಸದ ಹೆಸರು, ತಾರೀಖು ಎರಡೇ. ಮನುಷ್ಯರ ಹೆಸರು ಬರೆಯುವ ಹಾಗಿಲ್ಲ, ಯಾವ ಕೆಲಸವೂ ಒಬ್ಬರದಲ್ಲವಂತೆ. ಇದೆಂಥ ಲೆಕ್ಕವಪ್ಪಾ, ನಮ್ಮ ಪವರ್ ಹೌಸಿನಲ್ಲಿ ಒಂದು ಸ್ಕ್ರೂ ತಿರುಗಿಸಿದವನೂ ರಿಜಿಸ್ಟರಿನಲ್ಲಿ ಹೆಸರು ಹಾಕುತ್ತಾನೆ ಅಂತ ಒಳಗೇ ನಕ್ಕೆ.

ಪುಟ ತಿರುವುತ್ತಾ ಹೋದೆ. ಮಣ್ಣು ಹದ ಮಾಡುವುದು. ನೂಲಿಗೆ ಬಣ್ಣ ಕಟ್ಟುವುದು. ಹೊಳೆಯ ಮರಳಿನ ಮೇಲೆ ನಾಟಕದ ತಾಲೀಮು, ರಾಜನ ವೇಷದವನು ಚಡ್ಡಿಯಲ್ಲೇ ಇದ್ದಾನೆ. ಊಟದ ಪಂಕ್ತಿಯ ಫೋಟೋದಲ್ಲಿ ಜುಟ್ಟು ಬಿಟ್ಟ ಹುಡುಗನ ಪಕ್ಕದಲ್ಲಿ ತೋಟಿಯ ಮಗ ಕೂತಿದ್ದಾನೆ, ಜುಟ್ಟಿನವನು ಅವನ ತಟ್ಟೆಗೆ ಉಪ್ಪಿನಕಾಯಿ ಹಾಕುತ್ತಿದ್ದಾನೆ. ಅದನ್ನು ಯಾರೂ ಹೇಳಿ ಮಾಡಿಸಿದಂತಿರಲಿಲ್ಲ. ಬೈಯಲು ಬಂದವನು ಬೈಯುವುದಕ್ಕೆ ಏನೂ ಸಿಗದೆ ನೋಡುತ್ತಲೇ ಕೂತೆ.

ಆಮೇಲೆ ಆ ಫೋಟೋ ಬಂತು. ಗೋಡೆಗೆ ಕೆಮ್ಮಣ್ಣು ಬಳಿಯುವುದು, ಅಕ್ಟೋಬರ್ ೧೯೪೩. ಎತ್ತರದ ಏಣಿ, ಮೇಲಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಸೀರೆಯನ್ನು ಕಚ್ಚೆ ಹಾಕಿ ಎತ್ತಿ ಕಟ್ಟಿದ್ದಾಳೆ, ತಲೆಯ ಮೇಲೆ ಸೆರಗಿಲ್ಲ, ಮೊಣಕೈವರೆಗೂ ಬಣ್ಣ. ಕೆಳಗಿರುವ ಯಾರಿಗೋ ಜೋರಾಗಿ ಏನೋ ಅನ್ನುತ್ತಾ ನಗುತ್ತಿದ್ದಾಳೆ. ಇಬ್ಬರು ಗಂಡು ಹುಡುಗರು ಏಣಿಯನ್ನು ಹಿಡಿದುಕೊಂಡು ಅವಳ ಮಾತು ಬೀಳುವುದನ್ನೇ ಕಾಯುತ್ತಿದ್ದಾರೆ. ನಾನು ತುಂಬ ಹೊತ್ತು ಆ ಪುಟ ತಿರುಗಿಸಲಿಲ್ಲ. ಗಟ್ಟಿಗಿತ್ತಿ ಅಂದುಕೊಂಡೆ. ಬಾಯಿ ಬಿಟ್ಟು ಸುರಯ್ಯಾಳನ್ನು ಕೇಳಿಯೂ ಕೇಳಿದೆ, ಈಯಮ್ಮ ಯಾರು ತಾಯಿ, ಇಂಥೋರು ಊರಿಗೊಬ್ಬರು ಇದ್ದಿದ್ರೆ ಸಾಕಿತ್ತು ಅಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂತ ಆ ಹುಡುಗಿ ನಕ್ಕು, ನೀವೇ ಹೇಳಿ ನೋಡೋಣ ಅಂದಳು.

ಮುಂದಿನ ಪುಟದಲ್ಲಿ ರಾಗಿ ಬೀಸುತ್ತಿದ್ದ ಹೆಂಗಸೊಬ್ಬಳಿದ್ದಳು. ತಲೆ ತುಂಬ ಸೆರಗು, ಬಗ್ಗಿಸಿದ ಕತ್ತು, ಮುಖ ಅರ್ಧವೇ ಕಾಣುತ್ತಿತ್ತು. ಸಿಕ್ಕಿದಳು ಅಂದುಕೊಂಡೆ. ಬೆರಳಿಟ್ಟು, ಇವಳೇ ನೋಡಮ್ಮ ನನ್ನ ಹೆಂಡತಿ ಪಟ್ಟಲಮ್ಮ, ಕರಕೊಂಡು ಹೋಗೋಕೆ ಬಂದಿದ್ದೀನಿ ಅಂದೆ. ಹೇಳುವಾಗ ಒಂದಿಷ್ಟು ಜಂಬವೂ ಇತ್ತು.

ಸುರಯ್ಯಾಳ ನಗು ನಿಂತಿತು. ನನ್ನನ್ನೊಮ್ಮೆ ನೋಡಿದಳು, ಫೋಟೋವನ್ನೊಮ್ಮೆ ನೋಡಿದಳು. ಅಣ್ಣಾ, ಅದು ನಮ್ಮ ಅಡಿಗೆ ಸಣ್ಣತಾಯಮ್ಮ ಅಂದಳು. ಆಮೇಲೆ ಮೆಲ್ಲಗೆ ಹಿಂದಿನ ಪುಟಕ್ಕೆ ತಿರುಗಿಸಿ, ನೀವು ಕೇಳಿದ್ರಲ್ಲ, ಅವರೇ ಪಟ್ಟಲಮ್ಮ ಅಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಹಾಗಾಯಿತು. ಸಣ್ಣತಾಯಮ್ಮನಿಗೆ ನನ್ನ ಅವ್ವನ ವಯಸ್ಸಂತೆ.

ಯೋಚನೆ ಮಾಡಿದೆ. ಮದುವೆಯಾಗಿ ಎಂಟು ವರ್ಷ. ಮೊದಲ ಐದು ವರ್ಷ ನೀನು ಬಸರಾಳಿನಲ್ಲಿ ಅವ್ವನ ಜೊತೆ, ನಾನು ಇಲ್ಲಿ ಸ್ವಿಚ್ ಬೋರ್ಡಿನ ಮುಂದೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದೆ. ಹಿರಿಯರ ಎದುರಿಗೆ ಹೆಂಡತಿಯ ಮುಖ ನೋಡುವ ಗಂಡಸು ಗಂಡಸೇ ಅಲ್ಲ ಅಂತ ನಮ್ಮ ಕಡೆಯ ರಿವಾಜು, ನಾನು ಅದನ್ನು ಚಾಚೂ ತಪ್ಪದೆ ನಡೆಸಿದೆ. ಅವ್ವ ಮನೆಯಲ್ಲಿ ಇಲ್ಲದಾಗಲೂ ನಡೆಸಿದೆ. ನಿನ್ನ ಕಾಲುಂಗುರ ಗೊತ್ತಿತ್ತು, ಬಡಿಸುವ ಕೈ ಗೊತ್ತಿತ್ತು, ಸೆರಗಿನ ಅಂಚು ಗೊತ್ತಿತ್ತು. ಹಗಲು ಬೆಳಕಿನಲ್ಲಿ ನಿನ್ನ ಮುಖವನ್ನು ನೆಟ್ಟಗೆ ನೋಡಿದ್ದು ಎಷ್ಟು ಸಲ ಅಂತ ಎಣಿಸಿದರೆ ಒಂದು ಕೈಯ ಬೆರಳು ಹೆಚ್ಚಾಯಿತು. ನೀನು ನಗುವುದನ್ನು ನಾನು ಕಂಡದ್ದೇ ಇಲ್ಲ ಪಟ್ಟಲಮ್ಮ. ಕಂಡಿದ್ದರೆ ಗುರುತು ಹಿಡಿಯುತ್ತಿದ್ದೆ.

ನಾಚಿಕೆ ಬಿಟ್ಟು ಸುರಯ್ಯಾಳನ್ನು ಬೇಡಿಕೊಂಡೆ, ಇನ್ನೆಲ್ಲೆಲ್ಲಿ ಇದ್ದಾಳೆ ತೋರಿಸು ಅಂತ. ಹನ್ನೊಂದು ಫೋಟೋದಲ್ಲಿ ನೀನಿದ್ದೀಯ. ಮೊದಲನೆಯದರಲ್ಲಿ ಕಂಬಕ್ಕೆ ಒತ್ತಿಕೊಂಡು ಬೆದರಿ ನಿಂತಿದ್ದೀಯ. ನಾಲ್ಕನೆಯದರಲ್ಲಿ ಸ್ಲೇಟು ಹಿಡಿದು ಚಿಕ್ಕ ಮಕ್ಕಳ ಸಾಲಿನಲ್ಲಿ ಕೂತಿದ್ದೀಯ. ಏಳನೆಯದರಲ್ಲಿ ಪೇಪರು ಓದುತ್ತಿದ್ದೀಯ, ಹುಬ್ಬು ಗಂಟಿಕ್ಕಿಕೊಂಡು. ಆ ದುಂಡನೆಯ ಅಕ್ಷರ ನಿನ್ನದೇ ಅಂತ ಆಗ ತಿಳಿಯಿತು. ಒಂಬತ್ತನೆಯದರಲ್ಲಿ ಮೈಸೂರಿನಿಂದ ಬಂದ ಕನ್ನಡಕದ ಮೇಷ್ಟರಿಗೆ ಸುಣ್ಣ ಎಷ್ಟು ದಿನ ನೆನೆಯಬೇಕು ಅಂತ ಹೇಳಿಕೊಡುತ್ತಿದ್ದೀಯ, ಅವರು ಬರೆದುಕೊಳ್ಳುತ್ತಿದ್ದಾರೆ. ನನ್ನ ಕಣ್ಣಲ್ಲಿ ನೀರು ಬಂತು. ಹೆಮ್ಮೆಯಿಂದ ಬಂತು ಅಂತ ಬರೆದರೆ ಪೂರ್ತಿ ನಿಜವಾಗುವುದಿಲ್ಲ, ಹೊಟ್ಟೆಕಿಚ್ಚೂ ಇತ್ತು. ಆದರೆ ಹೆಮ್ಮೆ ಹೆಚ್ಚಿತ್ತು.

ಆಮೇಲೆ ಅವಳು ಒಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ಬೆಲ್ಲದ ಕೊಪ್ಪರಿಗೆ ಇದ್ದ ಜಾಗದಲ್ಲಿ ನೆಲದಿಂದ ಸೂರಿನವರೆಗೂ ನೀನು ಬರೆದ ಬಸರಾಳು. ನೀನು ಹೊರಟ ವರ್ಷ ನಿಮ್ಮ ಮೇಷ್ಟರು, ಹುಡುಗರು ಬಂದು ನಮ್ಮ ದೇವಸ್ಥಾನದ ಕೆತ್ತನೆ ನೋಡಿ ಬರೆದುಕೊಳ್ಳುತ್ತಿದ್ದರಲ್ಲ, ಅವರೂ ಇದ್ದಾರೆ, ಅವರಿಗೆ ನೀರು ಕೊಡುತ್ತಿರುವ ನೀನೂ ಇದ್ದೀಯ. ಬಾವಿಕಟ್ಟೆಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ಕರುವಿಗೆ ಬೈಯುತ್ತಿರುವುದು ನಮ್ಮವ್ವ, ಅದನ್ನು ಮಾತ್ರ ಕಂಡ ತಕ್ಷಣ ಹಿಡಿದೆ. ಅವಳು ನಿನಗೆ ಆಡಿದ ಮಾತು ನನಗೆ ಗೊತ್ತಿದೆ. ಗೋಡೆಯ ಮೇಲೆ ಅದರ ಸೇಡು ಒಂದು ಚೂರೂ ಇಲ್ಲ, ನನ್ನ ಅವ್ವ ಅಷ್ಟು ಚೆಂದ ಇದ್ದಾಳೆ ಅಂತ ನನಗೇ ಗೊತ್ತಿರಲಿಲ್ಲ. ನಾನೆಲ್ಲಿ ಅಂತ ಹುಡುಕಿದೆ. ಇರಲಿಲ್ಲ. ಅದೂ ಸರಿಯೇ, ನಾನು ಅಲ್ಲಿ ಇದ್ದದ್ದಾದರೂ ಯಾವಾಗ?

ನೀನು ಬರಲು ಇನ್ನು ಅರ್ಧ ಗಂಟೆಯಿತ್ತು. ಎದ್ದು ಹೊರಟೆ. ಇಪ್ಪತ್ತು ಮಕ್ಕಳ ಮುಂದೆ ಬುಟ್ಟಿ ಹೊತ್ತುಕೊಂಡು ಬರುವ ನಿನ್ನನ್ನು ನಿಲ್ಲಿಸಿ, ನಡಿ ಹೋಗೋಣ ಅನ್ನುವುದಕ್ಕೆ ನನಗೆ ಬಾಯಿ ಇರಲಿಲ್ಲ. ಮದ್ದೂರಿನಲ್ಲಿ ಒಂದು ತುರ್ತು ಕೆಲಸವಿತ್ತು, ಅದೂ ಆಗಲಿಲ್ಲ. ಆ ಮಾತು ಇರಲಿ.

ಬಸರಾಳಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಮೊದಲು ಗೋಳಾಡಿದಳು, ಆಮೇಲೆ ನನ್ನನ್ನು ಬೈದಳು. ಕೊನೆಗೆ, ನನ್ನೂ ಬರ್ದವ್ಳೇನ್ಲಾ, ಯಾವ್ ಸೀರೆ ಉಡ್ಸವ್ಳೆ ಅಂತ ಕೇಳಿದಳು. ಹಸಿರು ಅಂದೆ. ಅದು ಅಬ್ಬದ ಸೀರೆ ಕಣ್ಲಾ, ಕರೂಗೆ ಬೈಯೋಕೆ ಅದ್ಯಾಕೆ ಉಡ್ಲಿ ಅಂದಳು. ಅವ್ವನ ಒಪ್ಪಿಗೆ ಬೇಕಾದರೆ ಇದನ್ನೇ ಇಟ್ಟುಕೋ, ಇದಕ್ಕಿಂತ ಹೆಚ್ಚು ಅವಳಿಂದ ಬಾರದು.

ನಿನ್ನನ್ನು ವಾಪಸು ಬಾ ಅಂತ ಕರೆಯುತ್ತಿಲ್ಲ. ಉಪಾಧ್ಯಾಯಿನಿಯಾಗು. ನಿನ್ನ ಕೈಯಲ್ಲಿ ಕಲಿಯುವ ಮಕ್ಕಳು ಪುಣ್ಯವಂತರು. ಯಾವಾಗಲಾದರೂ ಒಂದು ಭಾನುವಾರ ಬಂದು ನಿನ್ನನ್ನು ನೋಡಬಹುದೇ, ಬೇಡವೇ, ಅದನ್ನು ನೀನು ಹೇಳಬೇಕು. ಬೇಡ ಅಂದರೂ ತಿಳಿದುಕೊಳ್ಳುತ್ತೇನೆ.

ಇತಿ,
ಚಿಕ್ಕಬೋರಯ್ಯ

ತಾ. ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಒಂದು ವಿಷಯ ಮುಚ್ಚಿಟ್ಟು ಇಷ್ಟೆಲ್ಲ ಹೊಗಳಿದರೆ ನಾನು ಮನುಷ್ಯನಲ್ಲ. ನಿನ್ನ ನಾಲ್ಕು ಸಾಲು ಬಂದ ದಿನವೇ, ಆ ಸಿಟ್ಟಿನಲ್ಲಿ, ಕಮಿಟಿಯ ಅಧ್ಯಕ್ಷರಾದ ಅಂಕಯ್ಯನವರಿಗೆ ಒಂದು ಕಾಗದ ಹಾಕಿದ್ದೇನೆ. ಒಪ್ಪಿಗೆ ಇಲ್ಲ ಅಂತ ಮಾತ್ರ ಬರೆದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನೀನು ಹೇಳದೆ ಕೇಳದೆ ಮನೆ ಬಿಟ್ಟು ಓಡಿಹೋದವಳು, ನಡತೆ ಸರಿಯಿಲ್ಲ ಅಂತ ಬರೆದೆ. ಆರು ತಿಂಗಳು ಕಲಿತು ಬಾ ಅಂತ ಮಂಡ್ಯದಲ್ಲಿ ನಿನ್ನನ್ನು ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟವನು ನಾನೇ. ಮೇಲೆ ದೊಡ್ಡಸ್ತಿಕೆಗೆ, ಕಮಿಟಿಯ ಎದುರಿಗೇ ಒಡೆಯತಕ್ಕದ್ದು ಅಂತ ಕವರಿನ ಮೇಲೆ ಬರೆದಿದ್ದೆ. ಭಾನುವಾರ ಮದ್ದೂರಿನಲ್ಲಿ ಅಂಕಯ್ಯನವರ ಮನೆಗೆ ಹೋಗಿ ಅದನ್ನು ವಾಪಸು ಕೊಡಿ ಅಂತ ಕಾಲು ಹಿಡಿದದ್ದೂ ಆಯಿತು. ಕಮಿಟಿಗೆ ಬಂದದ್ದನ್ನು ಕೊಡೋದಕ್ಕೆ ನಾನ್ಯಾರು, ಮುಂದಿನ ವಾರ ಸೋಮವಾರ ಸಭೆ ಇದೆ ಬನ್ನಿ ಅಂದರು. ಸೋಮವಾರ ಬರುತ್ತೇನೆ. ಅವರು ಅದನ್ನು ಓದಿದ ಕೂಡಲೇ ಎದ್ದು ನಿಂತು, ಇದೆಲ್ಲ ಸುಳ್ಳು, ಬರೆದವನು ನಾನು ಅಂತ ಹೇಳುತ್ತೇನೆ. ಆಗ ಅವರು ನಿನ್ನನ್ನೂ ಕೇಳುತ್ತಾರೆ. ನನ್ನ ಮುಖ ನೋಡಿ ಕನಿಕರಪಡಬೇಡ, ಏನೋ ಸಿಟ್ಟಿನಲ್ಲಿ ಬರೆದರು ಅಂತ ತೇಲಿಸಿ ಮಾತಾಡಬೇಡ. ಚಿಕ್ಕಬೋರಯ್ಯ ಬರೆದದ್ದು ಸುಳ್ಳು ಅಂತ, ನನ್ನ ಹೆಸರು ಹಿಡಿದೇ ಹೇಳು.