ಹಂಪಿಗೆ ಹೋದ ಕಮಲಾಪುರದ ಬಾಳೆ

16 ನವೆಂಬರ್ 2008, ಭಾನುವಾರ
ಚಹಾ, ಆಮೇಲೆ ಇಂಟರ್ನೆಟ್ಟಿನಲ್ಲಿ ನನ್ನ ಸೈಟು. ಕಮಲಾಪುರದ ಕೆಂಪು ಬಾಳೆಯ ಬಗ್ಗೆ ನಾನು ಬರೆದ ಪುಟಕ್ಕೆ ನಿನ್ನೆ ಬಂದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ನಮ್ಮ ಯಜಮಾನರು — ಕೇಳಿದರೆ ಒಪ್ಪುವುದಿಲ್ಲ. ಹೋದ ತಿಂಗಳವರೆಗೆ ದಿನವೂ ಜನ ಬರುತ್ತಿದ್ದರು. ಪುಟ ನೋಡಿ ಅಲ್ಲಿನ ರೈತ ಅಮೋಘಪ್ಪನಿಗೆ ಫೋನ್ ಮಾಡಿ ತೋಟದಿಂದಲೇ ಹಣ್ಣು ಒಯ್ಯುತ್ತಿದ್ದರು. ಕಾಲೇಜಿನಲ್ಲಿ ಬಾಟನಿ ಹೇಳುವವಳಿಗೆ ಇನ್ನೇನು ಬೇಕು...

ಸಂಜೆ ಇವರೇ ಕಾರಣ ಕಂಡುಹಿಡಿದರು. ಇಂಟರ್ನೆಟ್ಟಿನಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಕಂಪನಿ ಈಗ ತನ್ನದೇ ಲೇಖನಗಳ ಸೈಟು ತೆರೆದಿದೆ. ಯಾರು ಬೇಕಾದರೂ ಬರೆಯಬಹುದು. ಕೆಂಪು ಬಾಳೆ ಅಂತ ಹುಡುಕಿದರೆ ಮೊದಲು ಬರುವುದು ಅದೇ. ತೆರೆದೆ. ನನ್ನದೇ ವಾಕ್ಯಗಳು! ಅಮೋಘಪ್ಪನ ಫೋಟೋ, ಫೋನ್ ನಂಬರ್ ಸಮೇತ. ಬರೆದವನ ಹೆಸರು 'ಪ್ರಕೃತಿಪ್ರಿಯ'. ಅವನು ಸ್ವಂತದ್ದು ಸೇರಿಸಿದ್ದು ಒಂದೇ ಸಾಲು — ಕಮಲಾಪುರ ಹಂಪಿಯ ಪಕ್ಕದಲ್ಲಿದೆ.

"ಟಪಾಲಿನಾಂವ ಕಾಗದ ಕೊಡೋದು ಬಿಟ್ಟು ತಾನೇ ಬರೀಲಿಕ್ಕೆ ಕೂತ್ಹಂಗಾತು," ಎಂದರು ಇವರು.

22 ನವೆಂಬರ್
ಕಮಲಾಪುರಕ್ಕೆ ಹೋಗಿದ್ದೆ. ದಾವಣಗೆರೆಯ ಮದುವೆ ಪಾರ್ಟಿ ವ್ಯಾನು ತಗೊಂಡು ಬರುವುದಿತ್ತು. ಅಮೋಘಪ್ಪ ಹಣ್ಣಾದ ಗೊನೆಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಒಟ್ಟಿಕೊಂಡು ನಿಂತಿದ್ದ. ಫೋನ್ ಬಂತು. ಅವರ ದನಿ ನನಗೂ ಕೇಳುವಷ್ಟು ಜೋರು.

"ಬಸ್ ಸ್ಟ್ಯಾಂಡ್ ಹತ್ರನೇ ಅದೀವಿ. ನೀವೆಲ್ಲಿ?"

"ನಾನೂ ಬಸ್ ಸ್ಟ್ಯಾಂಡಿನ್ಯಾಗೇ ಇದ್ದೀನ್ರಿ."

"ಬಿಳಿ ವ್ಯಾನ್ ಕಾಣ್ತತಾ?"

"ಇಲ್ರೀ. ನನ್ನ ಕೆಂಪು ರುಮಾಲು ಕಾಣಾಕತ್ತದೇನ್ರಿ?"

ರುಮಾಲು ಬಿಚ್ಚಿ ಬೀಸಿದ. ಹುಮನಾಬಾದ್ ಕಡೆಯಿಂದ ಬಂದ ಬಿಳಿ ವ್ಯಾನೊಂದು ಹೆದರಿ ಸ್ಪೀಡಾಗಿ ಹೋಯಿತು.

"ಇಲ್ಲಿ ಫಾರಿನ್‌ನೋರು ಭಾಳ ಮಂದಿ ನಿಂತಾರಲ್ರಿ, ಅವರ ಪಕ್ಕನೇ..."

"ನಮ್ಮೂರಿಗಿ ಫಾರಿನ್‌ನವರು ಯಾವಾಗ ಬಂದಾರ?"

ಆಗ ತಿಳಿಯಿತು. ಪ್ರಕೃತಿಪ್ರಿಯನ ಸಾಲು ನಂಬಿ ಹಂಪಿಯ ಪಕ್ಕದ ಕಮಲಾಪುರದಲ್ಲಿದ್ದಾರೆ — ಹೆಸರು ಅದೇ, ಊರು ಬೇರೆ; ಬಾಳೆಯ ಕಮಲಾಪುರ ಹುಮನಾಬಾದ್ ದಾರಿಯದು! ಫೋನ್ ಕಸಿದುಕೊಂಡು ಹೇಳಿದೆ. ಬೈದು ಇಟ್ಟರು.

ಅಮೋಘಪ್ಪನ ಹೆಂಡತಿ ರೇವಮ್ಮ ನನ್ನನ್ನೇ ನೋಡಿದಳು. "ಅಕ್ಕೋರ, ನೀವು ಬರದ ಮ್ಯಾಲೆ ಮಂದಿ ಬರ್ತಾರಂತೇ ಇಷ್ಟು ಗೊನಿ ಹಣ್ಣಿಗಿ ಹಾಕಿದ್ದೆವ್ರಿ."

ಹೊರುವಷ್ಟು ಗೊನೆ ನಾನೇ ಕೊಂಡು ಬಸ್ಸಿಗೆ ಹಾಕಿಸಿದೆ.

24 ನವೆಂಬರ್
ಸ್ಟಾಫ್ ರೂಮಿನ ತುಂಬ ಬಾಳೆಹಣ್ಣು. ಪ್ರಿನ್ಸಿಪಾಲರು ಒಂದರ ಮೇಲೊಂದು ತಿನ್ನುತ್ತಿದ್ದಾರೆ.

ಕಂಪನಿಗೆ ದೂರು ಕಳಿಸಿದ್ದೆ. ಉತ್ತರ ಬಂತು: ತಪ್ಪಿದ್ದರೆ ನಮ್ಮಲ್ಲೇ ನೀವೊಂದು ಲೇಖನ ಬರೆಯಿರಿ.

"ಅವರ ಮನ್ಯಾಗ ನಾ ಯಾಕ ಬರೀಲಿ?" ಎಂದೆ.

"ಈ ಮಾತು ರೇವಮ್ಮನ ಮುಂದ ಹೇಳು," ಎಂದರು ಇವರು.

ಬರೆದೆ.

27 ನವೆಂಬರ್
ಲೇಖನ ತಿರಸ್ಕೃತ! ಕಾರಣ: ಬೇರೊಂದು ಸೈಟಿನ ನಕಲು. ಆ ಸೈಟಿನ ಒಡತಿ ಮುಕ್ತಾಬಾಯಿ ಎಂಬವರ ಒಪ್ಪಿಗೆ ಬೇಕಂತೆ — ಅಂದರೆ ನನ್ನದೇ!

ಮುಕ್ತಾಬಾಯಿಯು ಮುಕ್ತಾಬಾಯಿಗೆ ಸಂತೋಷದಿಂದ ಒಪ್ಪಿಗೆ ಕೊಟ್ಟಳು. ಪ್ರಕೃತಿಪ್ರಿಯನನ್ನು ಮಾತ್ರ ಯಾರೂ ಕೇಳಿಲ್ಲ.

12 ಡಿಸೆಂಬರ್
ಈಗ ನನ್ನ ಲೇಖನವೇ ಎಲ್ಲಕ್ಕಿಂತ ಮೇಲೆ. ಅಮೋಘಪ್ಪನ ಫೋನ್ ಸದಾ ಎಂಗೇಜು. ಖುಷಿ. ನನ್ನ ಸೈಟಿಗೆ ಮಾತ್ರ ಯಾರೂ ಇಲ್ಲ — ಯಜಮಾನರೂ ಇಲ್ಲ. ಮುಚ್ಚಿಬಿಡುವುದೇ ಸರಿ. ಊಟ ಸೇರಲಿಲ್ಲ.

14 ಡಿಸೆಂಬರ್, ಭಾನುವಾರ
ಅಮೋಘಪ್ಪ, ರೇವಮ್ಮ ಇಬ್ಬರೂ ಗಾಜಿಪುರ ಬಡಾವಣೆಯ ನಮ್ಮ ಮನೆಗೆ ಬಂದರು, ಹಸಿ ಬಾಳೆಕಾಯಿ ಹೊತ್ತು. ಕಂಪ್ಯೂಟರಿನಲ್ಲಿ ತೋರಿಸಿದೆ. ಅಮೋಘಪ್ಪ ತನ್ನ ಫೋಟೋ ನೋಡಿ ಮೀಸೆ ಸವರಿಕೊಂಡ.

ರೇವಮ್ಮ ಕೇಳಿದಳು, "ಇದು ನಿಮ್ಮದೇನ್ರಿ ಅಕ್ಕೋರ?"

"ಬರದಾಕಿ ನಾ. ಜಾಗಾ ಅವರದು. ನಂದು ಇನ್ನ ಮುಚ್ಚತೀನಿ."

"ಯಾಕ್ರಿ? ಹಣ್ಣಿಂದು ಅಲ್ಲೇ ಇರ್ಲಿ, ಯಾಪಾರ ಆಗ್ತದ. ನನ್ನ ಬಾಳಿಕಾಯಿ ಪಲ್ಯಾದು ನಿಮ್ಮಲ್ಲಿ ಹಾಕ್ರಿ. ತಿನ್ನಬೇಕಂದ್ರ ನಿಮ್ಮ ಮನಿಗೇ ಬರ್ಲಿ. ಫೋಟೋ ಮಾತ್ರ ನಂದು. ಇವರದು ಬ್ಯಾಡ."

ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕೆ.

ಈಗ ನನ್ನ ಒಲೆಯ ಮುಂದೆ ಅವಳು, ಕಟ್ಟೆಯ ಮೇಲೆ ಈ ಡೈರಿ ಇಟ್ಟುಕೊಂಡು ನಾನು. ಎಣ್ಣೆ ಎಷ್ಟು ಅಂದರೆ "ಕೈ ಬಿಗಿ ಹಿಡೀಬಾರದ್ರಿ" ಅನ್ನುತ್ತಾಳೆ. ಯಜಮಾನರು ಕ್ಯಾಮೆರಾ ಹಿಡಿದಿದ್ದಾರೆ. ಅವಳು ಸೆರಗು ಸರಿಮಾಡಿ, ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು — ಅಯ್ಯೋ, ಒಗ್ಗರಣೆ...