ಕೆರೆಯಿಂದ ಎತ್ತಿಸಿದ ಸಿಪ್ಪೆ

ತಾಲೂಕಿನ ದೊಡ್ಡ ಸಾಹೇಬರೇ,

ನಮ್ಮ ಹೆಬಳೆಯ ಕೆರೆಯ ಚೆಂದ ನೋಡಲು ತಾವು ಒಂದು ಮಧ್ಯಾಹ್ನ ಬಂದು ಹೋದಿರಿ. ಹಗ್ಗ ಹೊಸೆಯುವ ದುರ್ಗಮ್ಮನ ಒಂದು ವರ್ಷದ ಅನ್ನ ಹೋಯಿತು. ತಮ್ಮ ಜೊತೆ ಬರುವ ನೆಂಟರ ಮೂಗಿಗೆ ವಾಸನೆ ತಾಗಬಾರದೆಂದು, ಕೆರೆಯ ಮೂಲೆಯಲ್ಲಿ ಕೊಳೆಯಲು ಹೂತಿದ್ದ ಅವಳ ತೆಂಗಿನ ಸಿಪ್ಪೆಯನ್ನೆಲ್ಲ ಹಿಂದಿನ ದಿನವೇ ಕಚೇರಿಯ ಪಟ್ಟೇವಾಲರಿಂದ ಎತ್ತಿಸಿ ದಂಡೆಗೆ ಬಿಸಾಡಿಸಿದಿರಿ. ಮೇಲಿಂದ ಒಂದು ನೋಟೀಸು: ಇನ್ನು ಮುಂದೆ ಇಲ್ಲಿ ಯಾರೂ ಸಿಪ್ಪೆ ಹಾಕಕೂಡದು, ಕೆರೆಯ ಅಂದ ಕೆಡುತ್ತದೆ.

ನಾತ ಬರುತ್ತದೆ, ಸುಳ್ಳೇಕೆ ಹೇಳಲಿ? ನಮಗೂ ಮೂಗಿದೆ. ಆದರೆ ಸಿಪ್ಪೆ ಕೊಳೆಯದೆ ಕತ್ತದ ಹಗ್ಗ ಆಕಾಶದಿಂದ ಇಳಿಯುತ್ತದೆಯೇ? ಕಲ್ಲು, ಕೆಸರು ಹೇರಿ ಹತ್ತು ತಿಂಗಳು ನೀರಿನಲ್ಲಿಟ್ಟರೆ ಮಾತ್ರ, ಬಡಿದಾಗ ನಾರು ಬಿಡುತ್ತದೆ. ದುರ್ಗಮ್ಮ ಹೂತದ್ದು ಹೋದ ಆಗಸ್ಟಿನಲ್ಲಿ, ನಾವು ಶಾಲೆಯ ಮುಂದೆ ಸ್ವರಾಜ್ಯದ ಬಾವುಟ ಹಾರಿಸಿದ ವಾರ. ಇನ್ನೆರಡು ತಿಂಗಳು ತಾಳಬಾರದಿತ್ತೇ? ಹಿಂದೆ ಬಿಳಿಯ ಸಾಹೇಬರೊಬ್ಬರೂ ಈ ಕೆರೆ ನೋಡಲು ಬಂದಿದ್ದರು. ಮೂಗಿಗೆ ವಸ್ತ್ರ ಹಿಡಿದುಕೊಂಡು ಹೋದರು, ಸಿಪ್ಪೆ ಮುಟ್ಟಲಿಲ್ಲ.

ಅಂದದ ಮಾತು ಬಂತಲ್ಲ. ದಂಡೆಯಲ್ಲಿ ಜಮಖಾನೆ ಹಾಸಿ ತಾವು ಕುಡಿದ ಎಳನೀರಿನ ಬುರುಡೆಗಳು ಎಲ್ಲಿವೆ ಗೊತ್ತೇ? ಕೆರೆಯ ನಡುವೆ ತೇಲುತ್ತಿವೆ. ಸಾಹೇಬರು ಎಸೆದರೆ ಸಿಪ್ಪೆಯೂ ಕಮಲವಾಗುತ್ತದೆಯೋ ಏನೋ!

ದುರ್ಗಮ್ಮ ಗಂಡನನ್ನು ಕಡಲಿಗೆ ಕೊಟ್ಟವಳು, ಹಗ್ಗ ಹೊಸೆದೇ ಮಕ್ಕಳನ್ನು ಸಾಕುತ್ತಿರುವವಳು. ಮೊನ್ನೆ ನನ್ನೆದುರೇ ಆ ಒಣಗಿದ ಸಿಪ್ಪೆಯನ್ನು ಕೊಡತಿಯಿಂದ ಬಡಿದು ತೋರಿಸಿದಳು. "ಕಾಣಿ ಮಾಸ್ತರೇ, ನಾರು ಬರೂದಿಲ್ಲ, ಬರೀ ಪುಡಿ. ಮಳೆ ಕಳೆದ ಮೇಲೆ ಶನಿಯಾರನ ದೋಣಿಗೆ ಹಗ್ಗ ಕೊಡ್ತೆ ಅಂದಿದ್ದೆ. ಈಗ ಎಂತ ಕೊಡ್ಲಿ? ನನ್ನ ಸೀರೆ ಹರಿದು ಕೊಡ್ಲಾ?"

ನನ್ನದೂ ತಪ್ಪಿದೆ. ಪಟ್ಟೇವಾಲರು ಸಿಪ್ಪೆ ಎಳೆಯುತ್ತಿದ್ದಾಗ ಅವಳು ಶಾಲೆಗೆ ಓಡಿ ಬಂದಿದ್ದಳು. "ಸಾಹೇಬರ ಹುಕುಮು, ಸುಮ್ಮನಿರು" ಎಂದು ಕಳಿಸಿಬಿಟ್ಟೆ. ಆಗ ನಾನು ತಮ್ಮ ಸ್ವಾಗತದ ಪದ್ಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಆ ನಾಚಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆದ್ದರಿಂದ ಕೇಳುತ್ತೇನೆ: ಆ ನೋಟೀಸು ತೆಗೆಯಿರಿ, ದುರ್ಗಮ್ಮನ ನಷ್ಟ ತುಂಬಿಕೊಡಿ. ತೆಗೆಯದಿದ್ದರೂ ಬರುವ ಸೋಮವಾರ ಬೆಳಿಗ್ಗೆ ಹೊಸ ಸಿಪ್ಪೆ ಕೆರೆಗೆ ಇಳಿಯುತ್ತದೆ. ಮೊದಲ ಹೆಡಿಗೆ ಹೊರುವವನು ನಾನು. ತಡೆಯಲು ಪಟ್ಟೇವಾಲರನ್ನು ಕಳಿಸಬೇಡಿ. ತಾವೇ ಬನ್ನಿ, ಸೊಂಟದವರೆಗೆ ನೀರಿಗಿಳಿದು, ನನ್ನ ತಲೆಯ ಮೇಲಿಂದ ಅದನ್ನು ಕಿತ್ತುಕೊಳ್ಳಿ.

ಇಂತಿ,
ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವವರೆಗಾದರೂ ಹೆಬಳೆ ಶಾಲೆಯ ಮಾಸ್ತರನಾಗಿರುವ
ಬೊಮ್ಮಯ್ಯ